ಎಂಜಿನ್ ಬಿಚ್ಚಿಸೇನ್ರಿ, ಮಿಸ್ತ್ರಿ ಕಾಕಾ

ಮಿಸ್ತ್ರಿ ಕಾಕಾ,

ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ನುಂಗಿದಾಗ ನಿಮ್ಮ ಗ್ಯಾರೇಜೂ ಹೋಯಿತು, ನೀವೂ ಕಾಣೆಯಾದಿರಿ. ನವನಗರದಲ್ಲಿ ಸೆಕ್ಟರ್ ಸೆಕ್ಟರ್ ತಿರುಗಿ ಕೇಳಿದೆ. ಪರಿಹಾರ ತಗೊಂಡು ಮಗಳ ಊರಿಗೆ ಹೋದರು ಅಂದರು, ಯಾವ ಊರು ಅಂತ ಯಾರೂ ಹೇಳಲಿಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ನಮ್ಮ ಅಂಬಾಸಿಡರ್ ನೆನಪಿರಬೇಕು. ಬಾಗಲಕೋಟೆ ಇನ್ನೂ ವಿಜಾಪುರ ಜಿಲ್ಲೆಯಲ್ಲಿದ್ದಾಗ ಬಂದ, ಕೆಎ 28ರ ಗಾಡಿ. ಈ ಬೇಸಿಗೆಯಲ್ಲಿ ಇಳಕಲ್ಲಿಗೆ ಹೋಗಿ ಮದುವೆ ಸೀರೆ ತರುವಾಗ, ಹುನಗುಂದ ದಾಟಿ ಅಮೀನಗಡದ ಹತ್ತಿರ ರೇಡಿಯೇಟರ್ ಹೋಸ್ ಒಡೆದು ಎಂಜಿನ್ ಕಾಯ್ದು ನಿಂತಿತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹೆಚ್ಚಾದ ಚಹಾದಂತಿತ್ತು. ನೀರು ಒಳಗಿಳಿದಿತ್ತು.

ಎಲ್ಲರದೂ ಒಂದೇ ಮಾತು: “ಎಂಜಿನ್ನ ಬದ್ಲಿ ಮಾಡಸ್ರಿ.” ಎಲ್ಲಿಂದ ತರಲಿ? ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲೇ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿತು. ಈಗ ಸಿಗುವುದು ಗುಜರಿಯ ಎಂಜಿನ್. ಅದು ಎಷ್ಟು ಸಲ ಬೋರ್ ಆಗಿದೆ, ಎಷ್ಟು ಸಲ ಕಾಯ್ದಿದೆ ಎಂಬುದು ಮಾರುವವನಿಗೂ ತಿಳಿಯದು. ಅಲ್ಲದೆ ಎಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಹುಟ್ಟಿದ ಊರಿನ ಕಾಗದವಿಲ್ಲದ ಎಂಜಿನ್ನಿಗೆ ಅಲ್ಲಿ ಏನು ತೋರಿಸಲಿ?

“ಎಂಜಿನ್ ಬಿಚ್ಚೂತನಾ ನಾ ಬಾಯಿ ಬಿಚ್ಚಂಗಿಲ್ರಿ” ಅನ್ನುತ್ತಿದ್ದಿರಿ. ಬಾದಾಮಿಯಲ್ಲಿ ಅಂಥವನೇ ಒಬ್ಬ ಹುಡುಗ ಸಿಕ್ಕ. ಹೆಡ್ ಇಳಿಸಿದ. ಗ್ಯಾಸ್ಕೆಟ್ ಸುಟ್ಟಿತ್ತು, ಪಿಸ್ಟನ್‌ಗಳಿಗೆ ಗೀರು ಬಿದ್ದಿತ್ತು. ನನಗೆ ಅಂಜಿಕೆ ಇದ್ದದ್ದು ಬ್ಲಾಕಿನದು. ಬೀಡು ಕಬ್ಬಿಣ ಸೀಳಿದರೆ ಬೆಸುಗೆ ಸುಲಭಕ್ಕೆ ಹಿಡಿಯುವುದಿಲ್ಲ; ಇಡೀ ಬ್ಲಾಕನ್ನು ಸಮನಾಗಿ ಕಾಯಿಸಿ ನಿಧಾನಕ್ಕೆ ಆರಿಸದಿದ್ದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು. ಸೀಳಿದ್ದರೆ ಗುಜರಿ ಎಂಜಿನ್ನಿಗೆ ನಾನೂ ಹೂಂ ಅನ್ನುತ್ತಿದ್ದೆ. ಬ್ಲಾಕನ್ನು ಹುಬ್ಬಳ್ಳಿಗೆ ಒಯ್ದು, ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ನೀರಲ್ಲಿ ಮುಳುಗಿಸಿ ನೋಡಿಸಿದೆವು. ಒಂದು ಗುಳ್ಳೆಯೂ ಏಳಲಿಲ್ಲ, ಕಾಕಾ!

1489 ಸಿಸಿಯ ಈ ಎಂಜಿನ್ನಿನ ಮೂಲ ಬೋರ್ 73 ಮಿ.ಮೀ. ನೀವು 20ರ ಓವರ್‌ಸೈಜಿಗೆ, ಅಂದರೆ ಅಂಗುಲದ ಸಾವಿರದಲ್ಲಿ 20 ಪಾಲು ಹೆಚ್ಚಿಗೆ ಕೊರೆಸಿದ್ದಿರಿ. ಬೋರಿನಲ್ಲಿ ಈಗ ಬಿದ್ದಿರುವ ಗೀರು 40ಕ್ಕೆ ಕೊರೆದರೆ ಹೋಗುತ್ತದೆ ಅಂತ ಲೇತಿನವರು ಅಳೆದು ಹೇಳಿದ್ದಾರೆ. ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ಹೆಡ್ ಫೇಸಿಂಗ್ ಎಲ್ಲಾ ಸೇರಿದರೆ ಖರ್ಚು ಗಾಡಿಯ ಬೆಲೆಯನ್ನೂ ಮೀರುತ್ತದೆ ಎಂದು ಮನೆಯಲ್ಲಿ ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪಲ್ಲ. ಆದರೆ ಮಾರಿದರೆ ಬರುವ ರೊಕ್ಕಕ್ಕೆ ಇಂಥ ಗಟ್ಟಿ ಬ್ಲಾಕ್ ಇನ್ನೊಂದು ಸಿಗುವುದಿಲ್ಲ. ರಿಪೇರಿಯೇ ಎಂದು ತೀರ್ಮಾನಿಸಿದ್ದೇನೆ.

40ರ ಪಿಸ್ಟನ್ ಸೆಟ್ ಮಾತ್ರ ಇನ್ನೂ ಸಿಕ್ಕಿಲ್ಲ. ಹಳೇ ಅಂಗಡಿಗಳ ಗುರುತು ನಿಮಗಿದ್ದಷ್ಟು ಇಲ್ಲಿ ಯಾರಿಗೂ ಇಲ್ಲ. ಎಲ್ಲಿದ್ದರೂ ಒಂದು ಫೋನ್ ಮಾಡಿಸಿರಿ, ಕಾಕಾ. ಬ್ಲಾಕ್ ಹುಬ್ಬಳ್ಳಿಯಲ್ಲೇ ಇದೆ. ಪಿಸ್ಟನ್ ಕೈಗೆ ಬರುವ ತನಕ ಕೊರೆಯಬೇಡಿ ಎಂದು ಹೇಳಿ ಬಂದಿದ್ದೇನೆ.