ಫಾಸ್ಟ್‌ಟ್ಯಾಗ್ ಹಾಕಿದ್ರೆ ಆಗಲ್ವಾ?

ಕಳೆದ ಸೆಮಿಸ್ಟರ್ ಓಪನ್ ಎಲೆಕ್ಟಿವ್‌ನಲ್ಲಿ ನಮ್ಮ ಮೂವರ ತಂಡಕ್ಕೆ ಬಂದ ಸೆಮಿನಾರ್ ವಿಷಯ 'ಬ್ರೆಕ್ಸಿಟ್ ಮತ್ತು ಐರ್ಲೆಂಡ್'. ಮ್ಯಾಪ್ ತೆಗೆದು ನೋಡಿದೆವು. ದ್ವೀಪ ಒಂದೇ, ಆದ್ರೆ ಉತ್ತರದ ಮೂಲೆ ಬ್ರಿಟನ್ನಿಗೆ ಸೇರಿದ್ದು, ಉಳಿದದ್ದು ಸ್ವತಂತ್ರ ಐರ್ಲೆಂಡ್. ನಡುವೆ ಸುಮಾರು 500 ಕಿ.ಮೀ. ಗಡಿ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿತು, ಐರ್ಲೆಂಡ್ ಉಳೀತು. ಅಂದಮೇಲೆ ಗಡಿ ದಾಟೋ ಸರಕಿನ ತಪಾಸಣೆ ಆಗ್ಬೇಕು. "ಇಷ್ಟೇನಾ? ಟೋಲ್‌ನಲ್ಲಿರೋ ಹಾಗೆ ಫಾಸ್ಟ್‌ಟ್ಯಾಗ್, ನಾಲ್ಕು ಕ್ಯಾಮೆರಾ ಹಾಕಿದ್ರೆ ಮುಗೀತು" ಅಂದ ನಮ್ಮಲ್ಲೊಬ್ಬ. ಬ್ಲಾಕ್ ಡಯಾಗ್ರಾಮ್ ಬರೆದು ಸ್ಲೈಡ್ ಕೂಡ ಮಾಡಿಬಿಟ್ಟೆವು.

ಮೇಡಂ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಆ ಕ್ಯಾಮೆರಾನ ಕಾಯೋರು ಯಾರು?"

ಲೈಬ್ರರಿಯಲ್ಲಿ ಎರಡು ದಿನ ಕೂತ ಮೇಲೆ ಪ್ರಶ್ನೆ ಅರ್ಥ ಆಯ್ತು. 1960ರ ದಶಕದ ಕೊನೆಯಿಂದ ಸುಮಾರು ಮೂವತ್ತು ವರ್ಷ ಅಲ್ಲಿ ಬಾಂಬು, ಗುಂಡು. 3,500ಕ್ಕೂ ಹೆಚ್ಚು ಜನ ಸತ್ತಿದ್ದಾರೆ. 1972ರಲ್ಲಿ ನ್ಯೂರಿ ಊರಿನ ಕಸ್ಟಮ್ಸ್ ಕಚೇರಿಯಲ್ಲೇ ಬಾಂಬು ಸಿಡಿದು ಒಂಬತ್ತು ಜನ ಹೋದರು. 1998ರ ಗುಡ್ ಫ್ರೈಡೇ ಒಪ್ಪಂದದ ನಂತರ ಗಡಿಯಲ್ಲಿದ್ದ ಸೈನ್ಯದ ಕಾವಲು ಗೋಪುರಗಳನ್ನು ಕೆಡವಿದರು. ಈಗ ರಸ್ತೆ ಬೋರ್ಡು ಕಿಲೋಮೀಟರಿನಿಂದ ಮೈಲಿಗೆ ಬದಲಾದಾಗಲೇ ಗಡಿ ದಾಟಿದ್ದು ಗೊತ್ತಾಗೋದು. ಅಂಥಲ್ಲಿ ಒಂದು ಕ್ಯಾಮೆರಾ ಕಂಬ ನೆಟ್ಟರೆ ಯಾರೋ ಒಡೀತಾರೆ. ಕಾಯೋಕೆ ಪೊಲೀಸ್ ಬರ್ತಾರೆ. ಅವರ ಮೇಲೆ ಗುಂಡು ಹಾರಿದ್ರೆ ಸೈನ್ಯ, ಮತ್ತೆ ಗೋಪುರ. ನಮ್ಮ ಡಯಾಗ್ರಾಮ್‌ನಲ್ಲಿ ಈ ಬ್ಲಾಕ್‌ಗಳು ಇರಲೇ ಇಲ್ಲ. ಇನ್ನೊಂದು ಮಾತು, 2016ರ ಜನಮತದಲ್ಲಿ ಉತ್ತರ ಐರ್ಲೆಂಡಿನ 55.8% ಮತದಾರರು ಒಕ್ಕೂಟದಲ್ಲೇ ಇರೋಣ ಅಂದಿದ್ದರು. ಅವರ ಮಾತು ನಡೀಲಿಲ್ಲ.

ಕೊನೆಗೆ ಅವರು ತಪಾಸಣೆಯನ್ನು ಸಮುದ್ರಕ್ಕೆ ತಳ್ಳಿದರು. 2021ರ ಜನವರಿಯಿಂದ ಬ್ರಿಟನ್ನಿಂದ ಬರೋ ಸರಕನ್ನು ಬೆಲ್‌ಫಾಸ್ಟ್, ಲಾರ್ನ್ ಬಂದರುಗಳಲ್ಲಿ ನೋಡೋದು ಅಂತ. ತಿಂಗಳಾಗುವಷ್ಟರಲ್ಲಿ ಗೋಡೆಗಳ ಮೇಲೆ ಬೆದರಿಕೆ ಬರಹ. ಕೆಲವು ದಿನ ಸಿಬ್ಬಂದಿಯನ್ನು ವಾಪಸ್ ಕರೆಸಬೇಕಾಯ್ತು. ತಾವು ಬ್ರಿಟಿಷರು ಅಂದುಕೊಂಡವರಿಗೆ, ನಮ್ಮ ದೇಶದ ಸಾಮಾನನ್ನೇ ನಮ್ಮ ಬಂದರಲ್ಲಿ ಯಾಕೆ ಬಿಚ್ಚಿ ನೋಡ್ತೀರಿ ಅನ್ನೋ ಸಿಟ್ಟು. ಅವರ ದೊಡ್ಡ ಪಕ್ಷ ಸರ್ಕಾರದಿಂದ ಹೊರಬಂದು, 2022ರಿಂದ ಎರಡು ವರ್ಷ ಅಲ್ಲಿ ಆಡಳಿತವೇ ನಿಂತಿತ್ತು. 2023ರ ವಿಂಡ್ಸರ್ ಒಪ್ಪಂದದಲ್ಲಿ, ಉತ್ತರ ಐರ್ಲೆಂಡಿನಲ್ಲೇ ಉಳಿಯೋ ಸರಕಿಗೆ 'ಹಸಿರು ಲೇನ್' ಮಾಡಿ ತಪಾಸಣೆ ಸಡಿಲಿಸಿದರು.

ನಮ್ಮ ಮೆಕ್ಯಾನಿಕಲ್ ಗೆಳೆಯನಿಗೆ ಹಿಡಿಸಿದ್ದು ಮಾತ್ರ ರಾಸ್‌ಲೇರ್ ಬಂದರು. ಮೊದಲು ಐರಿಷ್ ಲಾರಿಗಳು ಹಡಗು ಹತ್ತಿ ವೇಲ್ಸ್‌ಗೆ ಹೋಗಿ, ಬ್ರಿಟನ್ ಉದ್ದಕ್ಕೂ ಓಡಿ, ಡೋವರ್‌ನಲ್ಲಿ ಮತ್ತೆ ಹಡಗು ಹತ್ತಿ ಫ್ರಾನ್ಸ್ ಸೇರ್ತಿದ್ದವು. ಕಾಗದಪತ್ರದ ಕಾಟ ಶುರುವಾದ ಮೇಲೆ ನೇರ ಹಡಗುಗಳೇ ವಾಸಿ ಅನ್ನಿಸಿ, 2021ರ ಜನವರಿಯಲ್ಲೇ ರಾಸ್‌ಲೇರ್‌ನಿಂದ ಫ್ರಾನ್ಸಿನ ಡಂಕರ್ಕ್‌ಗೆ ಹೊಸ ಮಾರ್ಗ ತೆರೆಯಿತು. ಸುಮ್ಮನಿದ್ದ ಊರಿಗೆ ತಪಾಸಣಾ ಶೆಡ್ಡು, ಲಾರಿ ಯಾರ್ಡು ಅಂತ ದುಡ್ಡು ಬಂತು. ನೆಲದ ಮೇಲೆ ಒಂದು ಕಂಬ ನೆಡೋಕೆ ಆಗದೇ ಇದ್ದದ್ದಕ್ಕೆ ಬಂದರುಗಳಲ್ಲಿ ಇಷ್ಟೆಲ್ಲ ಕಟ್ಟಿದ್ದಾರೆ.

ಸೆಮಿನಾರ್ ದಿನ ಬ್ಲಾಕ್ ಡಯಾಗ್ರಾಮ್ ತೆಗೀಲಿಲ್ಲ. ಮೊದಲ ಸ್ಲೈಡ್ ಅದನ್ನೇ ಇಟ್ಟು, ಎರಡನೇದರಲ್ಲಿ ನ್ಯೂರಿಯ ಹೆಸರು, ವರ್ಷ, ಸತ್ತವರ ಸಂಖ್ಯೆ ಹಾಕಿದೆವು.