ಹೆಬ್ಬಾಳದ ಕಲ್ಲು, ಓರೆ ಬೆಳಕು

ಪ್ರವಾಸವೆಂದರೆ ಹಾಸಿಗೆ ಸುತ್ತಿಕೊಂಡು ರೈಲು ಹತ್ತಲೇಬೇಕೆಂಬ ನಿಯಮವೇನೂ ಇಲ್ಲ. ನಾವಿರುವುದು ರವೀಂದ್ರನಾಥ ಠಾಗೂರರ ಹೆಸರನ್ನು ಹೊತ್ತ ಬಡಾವಣೆಯಲ್ಲಿ. ಜನರು ಆ ದೊಡ್ಡ ಹೆಸರನ್ನು ಆರ್.ಟಿ. ನಗರವೆಂದು ಎರಡಕ್ಷರಕ್ಕೆ ಇಳಿಸಿಬಿಟ್ಟಿದ್ದಾರೆ. ಅಲ್ಲಿಂದ ಹೆಬ್ಬಾಳವು ಸಮೀಪವೇ. ಮೇಲ್ಸೇತುವೆಯ ಗದ್ದಲದಲ್ಲಿ ಅದನ್ನು ದಿನವೂ ದಾಟುವವರ ಪೈಕಿ, ಅಲ್ಲಿ ಸುಮಾರು ಕ್ರಿ.ಶ. 750ರ ವೀರಗಲ್ಲೊಂದು ಇದೆಯೆಂದು ಬಲ್ಲವರು ಎಷ್ಟು ಮಂದಿಯೋ!

ಈ ಕಲ್ಲು ಬೆಳಕಿಗೆ ಬಂದುದು 2018ರಲ್ಲಿ. ಗಂಗ ಶ್ರೀಪುರುಷನ ಕಾಲದಲ್ಲಿ ರಟ್ಟವಾಡಿಯವರ, ಎಂದರೆ ರಾಷ್ಟ್ರಕೂಟರ, ದಾಳಿಯನ್ನೆದುರಿಸಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವದು. ಬಿ.ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಇದು ಸೇರಿಲ್ಲ. ಸೇರಿರುವ ಕಲ್ಲುಗಳಲ್ಲಿ ಎಷ್ಟೋ ಇಂದು ತಮ್ಮ ಸ್ಥಳದಲ್ಲಿಲ್ಲ. ಅವುಗಳ ಮಾತು ಉಳಿದಿರುವುದು ಕಾಗದದ ಮೇಲೆ ಮಾತ್ರ.

ನಮ್ಮ ಮಾವನವರು ನಿವೃತ್ತ ಕನ್ನಡ ಪಂಡಿತರು. ಹಳೆಯ ಲಿಪಿಯನ್ನೂ ಅಷ್ಟಿಷ್ಟು ಓದಬಲ್ಲರು. ಮೊಣಕಾಲು ನೋವಿನಿಂದ ಅವರು ಹೊಸ್ತಿಲು ದಾಟುವುದೇ ಅಪರೂಪ, ದೃಷ್ಟಿಯೂ ದಿನೇ ದಿನೇ ಮಂದವಾಗುತ್ತಿದೆ. ಕಿತ್ತಯ್ಯನ ಹೆಸರನ್ನು ಒಮ್ಮೆ ತಾವೇ ಓದಬೇಕೆಂಬುದು ಅವರ ಹಂಬಲ. ಆದುದರಿಂದ ಒಂದು ಮಧ್ಯಾಹ್ನ ನಾನೂ ಮಗಳೂ ಹೋಗಿ ಮೊಬೈಲಿನಲ್ಲಿ ಇಪ್ಪತ್ತು ಚಿತ್ರಗಳನ್ನು ತೆಗೆದುಕೊಂಡು ಬಂದೆವು. ಸ್ಪಷ್ಟವಾಗಿ ಬರಲೆಂದು ಫ್ಲಾಷನ್ನೂ ಹಾಕಿದ್ದೆವು. ಪಕ್ಕದಲ್ಲಿ ನಿಂತು ನಕ್ಕೂ ಇದ್ದೆವು. ಮಾವನವರು ಕನ್ನಡಕವನ್ನು ಏರಿಸಿ ಇಳಿಸಿ ನೋಡಿ, “ನೀವಿಬ್ಬರೂ ಚೆನ್ನಾಗಿ ಬಂದಿದ್ದೀರಮ್ಮಾ, ಅಕ್ಷರಗಳೆಲ್ಲಿ?” ಎಂದರು.

ಅಕ್ಷರಗಳು ನಿಜಕ್ಕೂ ಇರಲಿಲ್ಲ. ಕೊರೆದ ಅಕ್ಷರಕ್ಕೆ ಬೇರೆ ಬಣ್ಣವಿಲ್ಲವಷ್ಟೆ. ಕಣ್ಣಿಗೆ ಕಾಣುವುದು ಆ ಗೀರಿನೊಳಗಿನ ನೆರಳು. ಎದುರಿನಿಂದ ಬಿದ್ದ ಬೆಳಕು ಆ ನೆರಳನ್ನು ಅಳಿಸಿ, ಕಲ್ಲನ್ನು ಬರಿಯ ಬೂದುಬಣ್ಣದ ಗೋಡೆಯನ್ನಾಗಿ ಮಾಡಿಬಿಡುತ್ತದೆ. ಸಾವಿರಾರು ರೂಪಾಯಿ ಬೆಲೆಯ ಯಂತ್ರಕ್ಕೂ ಇಲ್ಲದ ನೆರಳನ್ನು ಹಿಡಿಯಲಾಗದು.

ಮಾರನೆಯ ದಿನ ಹೊತ್ತಿಳಿದ ಮೇಲೆ ಮತ್ತೆ ಹೋದೆವು. ಈ ಸಲ ಮಗಳು ತನ್ನ ಫೋನಿನ ಟಾರ್ಚನ್ನು ಕಲ್ಲಿನ ಎಡ ಅಂಚಿನ ಬಳಿ ಓರೆಯಾಗಿ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿದಳು. ಒಡನೆಯೇ ಸಾಲುಗಳು ಎದ್ದುನಿಂತವು! ನಾನು ಮೊದಲು ಸೆರಗಿನಿಂದ ಮಸೂರವನ್ನು ಒರೆಸಿದೆ. ಅಡಿಗೆಯ ಕೈ ತಗುಲಿದ ಮಸೂರ ಮಂಜು ಕವಿಸದೆ ಬಿಡದು. ತೀರ ಹತ್ತಿರ ನಿಂತರೆ ಕಲ್ಲಿನ ಅಂಚುಗಳು ಡೊಂಕಾಗುವುದರಿಂದ ಎರಡು ಹೆಜ್ಜೆ ಹಿಂದೆ ಸರಿದು, ಫೋನನ್ನು ಕಲ್ಲಿಗೆ ಸಮಾನಾಂತರವಾಗಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡೆ. ಪರದೆಯಲ್ಲಿ ಅಕ್ಷರದ ಮೇಲೆ ಬೆರಳಿಟ್ಟು ಬೆಳಕನ್ನು ತುಸು ತಗ್ಗಿಸಿದೆ. ಇಡೀ ಕಲ್ಲಿನದೊಂದು ಚಿತ್ರ. ಬಳಿಕ, ಒಂದರ ಅಂಚು ಇನ್ನೊಂದರಲ್ಲಿ ಬರುವಂತೆ, ಸಾಲುಸಾಲಾಗಿ ಹಲವು. ಅಳತೆ ತಿಳಿಯಲೆಂದು ಮಗಳ ಅಡಿಪಟ್ಟಿಯನ್ನೂ ಪಕ್ಕದಲ್ಲಿ ಹಿಡಿದೆವು. ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ, ಅರಿಸಿನಗಳನ್ನು ಬಳಿಯುವ ಪುಣ್ಯಾತ್ಮರುಂಟು. ವಾಚಕರು ದಯವಿಟ್ಟು ಅಂಥವರ ಕೈ ತಡೆಯಬೇಕು.

ಟಾರ್ಚಿನ ಉಪಾಯ ಎಲ್ಲೆಡೆಯೂ ಸಲ್ಲದು. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲೆಂದು ಘೋಷಿಸಲಾಯಿತು. ಅಲ್ಲಿ ಗೂಡಿನ ಬಳಿ ಬೆಳಕು ಬೀರುವುದೂ ಸಲ್ಲದು, ಹತ್ತಿರ ನುಗ್ಗುವುದೂ ಸಲ್ಲದು. ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತಲೇ ಹೋದರೆ ಬಹುಮಟ್ಟಿಗೆ ಚಿತ್ರ ಒಡೆಯುವುದಷ್ಟೇ ಫಲ. ದೂರದ ಹಕ್ಕಿಯನ್ನು ಚಿಕ್ಕದಾಗಿಯೇ ಬಿಟ್ಟು, ಕೆರೆಯನ್ನೂ ಮುಂಜಾವಿನ ಮಂಜನ್ನೂ ಸೇರಿಸಿಕೊಳ್ಳುವುದೇ ಲೇಸು.

ಆ ರಾತ್ರಿ ಮಾವನವರು ಊಟಕ್ಕೆ ಕರೆದರೂ ಏಳಲಿಲ್ಲ. ಮೊಮ್ಮಗಳು ಚಿತ್ರವನ್ನು ಹಿಗ್ಗಿಸುತ್ತಿದ್ದಂತೆ, ಶಾಸನದ ಅಚ್ಚಾದ ಪಾಠವನ್ನು ತೊಡೆಯ ಮೇಲಿಟ್ಟುಕೊಂಡು, ಗಾಜಿನ ಮೇಲೆ ಬೆರಳಾಡಿಸುತ್ತಾ ಒಂದೊಂದೇ ಅಕ್ಷರವನ್ನು ಕೂಡಿಸಿದರು. ಒಂದೆಡೆ ಬೆರಳು ನಿಂತಿತು. “ಇಗೋ, ಕಿತ್ತಯ್ಯ” ಎಂದರು. ಬಹಳ ಹೊತ್ತು ಸುಮ್ಮನಿದ್ದರು. ಅನಂತರ ನನ್ನತ್ತ ತಿರುಗಿ, “ಕೆಳಗಿನ ಸಾಲಿನ ಅಡ್ಡಗೀರುಗಳು ಮಸುಕಾಗಿವೆಯಮ್ಮಾ; ನಾಳೆ ಟಾರ್ಚನ್ನು ಮೇಲಿನಿಂದ ಹಿಡಿದು ಒಂದು ತೆಗೆದುಕೊಂಡು ಬನ್ನಿ” ಎಂದರು.