ಒಂದಡಿಗೆ ಒಂದು ಮಿಲಿಸೆಕೆಂಡು

ಪೋಸ್ಟರ್‌ನಲ್ಲಿ ಅಚ್ಚು ಹಾಕಿಸೋದು ರಸಮಂಜರಿ ಅಂತ, ಊರೋರ ಬಾಯಲ್ಲಿ ಅದು ಆರ್ಕೆಸ್ಟ್ರಾ. ಗಣೇಶನ ಹಬ್ಬಕ್ಕೆ ಶುರುವಾದ್ರೆ ದಸರಾ ದಾಟಿ, ನವೆಂಬರ್ ಪೂರ್ತಿ ರಾಜ್ಯೋತ್ಸವದ ಹೆಸರಲ್ಲಿ ನಡೆದು, ಆಮೇಲೆ ಊರಹಬ್ಬ, ಜಾತ್ರೆ ಅಂತ ಬೇಸಿಗೆವರೆಗೂ ಎಳೆಯುತ್ತೆ. ವೇದಿಕೆ ಮೇಲಿನ ಜ್ಯೂನಿಯರ್ ವಿಷ್ಣುವರ್ಧನ್, ಜ್ಯೂನಿಯರ್ ಶಂಕರ್‌ನಾಗ್‌ಗಳನ್ನ ನೀವೆಲ್ಲ ನೋಡಿರ್ತೀರಿ. ಜನರ ಮಧ್ಯೆ ನಾಲ್ಕು ಕಂಬ ನೆಟ್ಟು, ಮೇಲೆ ಟಾರ್ಪಾಲು ಕಟ್ಟಿ, ಟೇಬಲ್ ಮೇಲೆ ಮಿಕ್ಸರ್ ಇಟ್ಕೊಂಡು ಕೂತವನನ್ನ ಯಾರೂ ನೋಡಲ್ಲ. 'ಅಣ್ಣಾ, ಸೌಂಡ್ ಜಾಸ್ತಿ ಕೊಡಿ' ಅಂತ ಕೂಗೋಕೆ ಮಾತ್ರ ಅವನು ಬೇಕು.

2009ರಲ್ಲಿ ನನ್ನ ಬಿ.ಇ. ಮುಗಿದಾಗ ಕೈಯಲ್ಲಿ ಆಫರ್ ಲೆಟರ್ ಇತ್ತು, ಜಾಯಿನಿಂಗ್ ಡೇಟ್ ಇರಲಿಲ್ಲ. ಅಮೆರಿಕದಲ್ಲಿ ಬ್ಯಾಂಕು ಮುಳುಗಿದ್ದಕ್ಕೆ ಮಂಡ್ಯ ಕಡೆಯ ಹುಡುಗ ಜಗುಲಿ ಮೇಲೆ ಕೂತ. ನಮ್ಮ ಸೋದರಮಾವನ ದೊಡ್ಡ ಮಗ, ನನಗೆ ಭಾವ, ಸೌಂಡ್ ಸಿಸ್ಟಂ ಇಟ್ಟಿದ್ರು. 'ಎಲೆಕ್ಟ್ರಾನಿಕ್ಸ್ ಓದಿದ್ದೀಯಲ್ಲ, ಬಾರೋ, ವೈರಾದ್ರೂ ಸುತ್ತು' ಅಂದ್ರು. ಎಂಟು ತಿಂಗಳು ಸುತ್ತಿದೆ.

ವೈರ್ ಸುತ್ತೋದು ಸಣ್ಣ ಕೆಲಸ ಅನ್ಕೋಬೇಡಿ. ಮೊಣಕೈಗೆ ಹಗ್ಗದ ಥರ ಸುತ್ತಿದ್ರೆ ಒಳಗಿನ ತಂತಿ ಮುರುಟಿ, ಒಂದಿನ ಹಾಡಿನ ಮಧ್ಯೆ ಮೈಕು ಸಾಯುತ್ತೆ. ಒಂದು ಸುತ್ತು ನೇರ, ಮುಂದಿನದು ಒಳಗಿಂದ ತಿರುವಿ. ರಾತ್ರಿ ಒಂದು ಗಂಟೆಗೆ, ನಿದ್ದೆಗಣ್ಣಲ್ಲಿ, ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಕೂತು ಇಪ್ಪತ್ತು ಮೂವತ್ತು ವೈರ್ ಹಾಗೆ ಸುತ್ತಬೇಕು. ಅಷ್ಟೊತ್ತಿಗೆ ಹಾಡೋರೆಲ್ಲ ಊಟ ಮುಗಿಸಿ ಟೆಂಪೋ ಟ್ರಾವೆಲರ್ ಹತ್ತಿರ್ತಾರೆ, ನಮಗೆ ತಣ್ಣನೆ ಅನ್ನ, ತಳದ ಸಾರು. ಬೇಸ್ ಬಾಕ್ಸು ಎತ್ತೋಕೆ ನಾಲ್ಕು ಜನ ಬೇಕು, ಇರ್ತಿದ್ದದ್ದು ಮೂವರು. 407ಗೆ ಲೋಡ್ ಮಾಡಿ, ಟಾರ್ಪಾಲಿನ ಮೇಲೆ ಮಲಗಿದ್ರೆ ಕಣ್ಣು ಬಿಡ್ತಿದ್ದದ್ದು ತಿಪಟೂರಲ್ಲೋ ಕೊಳ್ಳೇಗಾಲದಲ್ಲೋ.

ಭಾವ ಓದಿದ್ದು ಎಸ್ಸೆಸ್ಸೆಲ್ಸಿ. ಯಾವ ಊರಿಗೆ ಹೋದ್ರೂ ಮೊದಲು ಕೈಗೆ ತಗೊಳ್ತಿದ್ದದ್ದು ಟೆಸ್ಟರ್. ಗಿಟಾರ್ ಒಂದು ಲೈನಿಂದ, ಮೈಕು ಇನ್ನೊಂದು ಲೈನಿಂದ ಬಂದು, ಅರ್ಥಿಂಗ್ ಸರಿ ಇಲ್ಲದಿದ್ರೆ, ಗಿಟಾರ್ ಹಿಡಿದವನು ಮೈಕಿಗೆ ತುಟಿ ಇಟ್ಟ ಕ್ಷಣ ಕರೆಂಟ್ ಹೊಡೆಯುತ್ತೆ. 'ಕಂಬದಿಂದ ಕೊಕ್ಕೆ ಹಾಕ್ಕೊಳ್ಳಿ ಸಾರ್, ಜನರೇಟರ್ ಯಾಕೆ ದಂಡ' ಅಂತ ಕಮಿಟಿಯವರು ದಿನಾ ಹೇಳ್ತಿದ್ರು. ಭಾವ ಒಪ್ಪಿದ್ದನ್ನ ನಾನು ಒಂದು ದಿನವೂ ನೋಡಲಿಲ್ಲ.

ಇನ್ನೊಂದು ವಿಷಯ ನನ್ನನ್ನ ಬೆರಗುಗೊಳಿಸಿತ್ತು. ದೊಡ್ಡ ಮೈದಾನ ಆದ್ರೆ ಅರ್ಧದಲ್ಲಿ ಇನ್ನೆರಡು ಬಾಕ್ಸ್ ಇಡಬೇಕು. ವೈರ್‌ನಲ್ಲಿ ಸಿಗ್ನಲ್ ತಕ್ಷಣ ತಲುಪುತ್ತೆ, ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ಹಾಗೇ ಬಿಟ್ರೆ ಹಿಂದೆ ಕೂತವರಿಗೆ ಪ್ರತಿ ಪದ ಎರಡೆರಡು ಸಲ. ಭಾವ ವೇದಿಕೆಯಿಂದ ಹೆಜ್ಜೆ ಹಾಕಿ ಎಣಿಸ್ತಾ ಬರ್ತಿದ್ರು. 'ನೂರಡಿ. ತೊಂಬತ್ತಿಡು.' ಒಂದಡಿಗೆ ಹೆಚ್ಚೂಕಮ್ಮಿ ಒಂದು ಮಿಲಿಸೆಕೆಂಡು, ಅದರಲ್ಲಿ ಚೂರು ಕಮ್ಮಿ. ನಾಲ್ಕು ವರ್ಷ ಸಿಗ್ನಲ್ಸ್ ಓದಿದ ನಾನು ಕ್ಯಾಲ್ಕುಲೇಟರ್ ತೆಗೆದು ನೋಡಿದೆ. ತೊಂಬತ್ತೇ. ಈಗ ಆಫೀಸಿನಲ್ಲಿ ಯಾರಾದ್ರೂ ಲೇಟೆನ್ಸಿ ಬಗ್ಗೆ ಗಂಟೆಗಟ್ಟಲೆ ಸ್ಲೈಡ್ ತೋರಿಸಿದ್ರೆ ನನಗೆ ಆ ಹೆಜ್ಜೆ ನೆನಪಾಗುತ್ತೆ.

ಶೋ ಇದ್ರೆ ಬಟವಾಡೆ, ಇಲ್ಲದಿದ್ರೆ ಇಲ್ಲ. ಆ ಡಿಸೆಂಬರ್ 29ಕ್ಕೆ ಸಿ. ಅಶ್ವತ್ಥ್ ಹೋದ್ರು, ಮಾರನೇ ದಿನ ವಿಷ್ಣುವರ್ಧನ್. ಹೊಸವರ್ಷದ ನಮ್ಮ ಎರಡೂ ಪ್ರೋಗ್ರಾಂ ಕ್ಯಾನ್ಸಲ್. ತಂಡದ ಜ್ಯೂನಿಯರ್ ವಿಷ್ಣು ಬಿಕ್ಕಿ ಬಿಕ್ಕಿ ಅಳ್ತಿದ್ದ. ಪಕ್ಕದಲ್ಲಿ ಬಾಕ್ಸ್ ಎತ್ತೋ ಹುಡುಗನೂ ಅಳ್ತಿದ್ದ, ಅವನಿಗೆ ಮನೆ ಬಾಡಿಗೆಯ ದುಃಖವೂ ಸೇರಿತ್ತು. ಯಾರಿಗೆ ಯಾವುದು ಎಷ್ಟು ಅಂತ ಅಳೆಯೋದು ಹೇಗೆ?

2000ನೇ ಇಸವಿಯ ಶಬ್ದಮಾಲಿನ್ಯದ ನಿಯಮದ ಪ್ರಕಾರ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ಸರ್ಕಾರ ವರ್ಷಕ್ಕೆ ಹದಿನೈದು ದಿನ ಮಾತ್ರ ಹನ್ನೆರಡರವರೆಗೆ ಸಡಿಲಿಸಬಹುದು. ಪೇಟ, ಹಾರ, ಭಾಷಣ ಮುಗಿಯೋದೇ ಒಂಬತ್ತೂವರೆಗೆ. ಆಮೇಲೆ ಪೊಲೀಸರು 'ಕಡಿಮೆ ಮಾಡಿ' ಅಂತಾರೆ, ಕಮಿಟಿಯವರು 'ಜಾಸ್ತಿ ಮಾಡಿ' ಅಂತಾರೆ, ಇಬ್ಬರೂ ಬೈಯೋದು ಮಿಕ್ಸರ್ ಮುಂದೆ ಕೂತವನನ್ನೇ. ಇಬ್ಬರಿಗೂ ಆ ಕೂತವನ ಕಿವಿಯ ಚಿಂತೆ ಇಲ್ಲ. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದಂತೆ, ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧ. 100ಕ್ಕೆ ಉಳಿಯೋದು ಹದಿನೈದು ನಿಮಿಷ. ನಮ್ಮ ಶೋ ಮೂರು ಗಂಟೆ, ದಿನಾ.

ಆಗಲೇ ಭಾವ ಫ್ಯಾನ್ ಹಾಕದೆ ಮಲಗ್ತಿರಲಿಲ್ಲ, ಚಳಿಗಾಲದಲ್ಲೂ. ಕಿವಿಯೊಳಗೆ ಸದಾ 'ಕುಯ್' ಅಂತಿತ್ತಂತೆ, ಫ್ಯಾನ್ ಸದ್ದಲ್ಲಿ ಅದು ಮುಚ್ಚಿಹೋಗ್ತಿತ್ತು. ಹೋದ ವರ್ಷ ನಮ್ಮೂರ ಹಬ್ಬಕ್ಕೆ ಹೋದಾಗ ಗಾಯಕಿಯ ದನಿ ಕಿವಿಗೆ ಚುಚ್ಚುವಷ್ಟು ತೀಕ್ಷ್ಣವಾಗಿತ್ತು. ಭಾವನಿಗೆ ಮಾತ್ರ ಸಾಲದು, ಇನ್ನೂ ಟ್ರೆಬಲ್ ಏರಿಸ್ತಾ ಇದ್ರು. ಮೈಸೂರಿಗೆ ಕರ್ಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ಡಾಕ್ಟರು ಕೊಟ್ಟ ಗ್ರಾಫ್‌ನಲ್ಲಿ ಗೆರೆ 4000 ಹರ್ಟ್ಜ್ ಹತ್ತಿರ ಗುಂಡಿಗೆ ಬಿದ್ದಂತೆ ಇಳಿದಿತ್ತು. ಅವರು ವಿವರಿಸೋ ಮೊದಲೇ ಭಾವ ಹಾಳೆ ಕೈಗೆ ತಗೊಂಡು, ಈಕ್ವಲೈಸರ್ ನೋಡೋ ಥರ ನೋಡಿ, 'ಇಲ್ಲಿ ಯಾರೋ ಫೋರ್ ಕೆ ಪೂರ್ತಿ ಕಟ್ ಮಾಡವ್ರಲ್ಲಯ್ಯ' ಅಂದ್ರು. ಒಳಕಿವಿಯ ಆ ಸಣ್ಣ ಕೂದಲುಗಳು ಒಮ್ಮೆ ಸತ್ರೆ ಮತ್ತೆ ಹುಟ್ಟಲ್ಲ ಅಂದ್ರು ಡಾಕ್ಟರು. ಭಾವ ತಲೆಯಾಡಿಸಿ, ಎಷ್ಟು ಡಿಬಿ ಹೋಗಿದೆ ಅಂತ ಮಾತ್ರ ಕೇಳಿದ್ರು.

ನಾನು ಕೊಡಿಸಿದ ಇಯರ್‌ಪ್ಲಗ್ ಈಗ ಹಾಕ್ತಾರೆ, ಎಡಗಿವಿಗೆ ಮಾತ್ರ. ಬಲಗಿವಿ ಕೆಲಸಕ್ಕೆ ಬೇಕಲ್ಲ. ಪಕ್ಕದಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಕೂತಿರ್ತಾನೆ. ಎರಡು ಹಾಡಿಗೊಮ್ಮೆ ಭಾವ ಅವನ ಕಡೆ ಬಗ್ಗಿ, 'ಚುಚ್ತಾ ಇದ್ಯೇನ್ಲಾ?' ಅಂತ ಕೇಳ್ತಾರೆ. ಅವನು ಹೂಂ ಅಂದ್ರೆ ಒಂದು ಗೀಟು ಇಳಿಸ್ತಾರೆ.